ಹಿತ್ತಲ ಅಂಚೆ: ಬೀಜಕ್ಕೆ ಬಿಟ್ಟ ಅವರೆ

ಕಳೆದ ಸಂಚಿಕೆಯಲ್ಲಿ ನಾಟಿ ಅವರೆಯ ಬೀಜ ಉಳಿಸುವ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಎರಡು ಲಕೋಟೆಯಲ್ಲಿ ಕಾಳೂ ಬಂದಿವೆ. ಒಂದರಲ್ಲಿ ಬಿಳಿ ಅಲಸಂದೆ, ಇನ್ನೊಂದರಲ್ಲಿ ಬಿಳಿ ಮೂಗಿನ ಕಪ್ಪು ಚಪ್ಪರದವರೆ. ಅಂಚೆಯ ಮುದ್ರೆ ಬಿದ್ದ ಏಟಿಗೆ ಅಲಸಂದೆಯಲ್ಲಿ ನಾಲ್ಕು ಕಾಳು ಎರಡು ಹೋಳಾಗಿವೆ. ಇನ್ನು ಮುಂದೆ ಯಾರೇ ಬೀಜ ಕಳಿಸಿದರೂ ಎರಡು ರಟ್ಟಿನ ನಡುವೆ ಇಟ್ಟು, ಸುತ್ತ ಹತ್ತಿ ತುಂಬಿ ಕಳಿಸಿ. ಉಳಿದ ಕಾಳು ನನ್ನ ಹತ್ತಿರ ಜೋಪಾನವಾಗಿವೆ.

"ಅಜ್ಜಿಯ ಕಾಲದ ಚಪ್ಪರದವರೆ ಬೀಜ ಊರಿಂದ ತಂದು ಶಿವರಾತ್ರಿ ಕಳೆದ ಮೇಲೆ ಹಾಕಿದೆ. ಬಳ್ಳಿ ಮಹಡಿ ಹತ್ತಿದೆ. ಜೂನ್ ಬಂದರೂ ಒಂದು ಹೂವಿಲ್ಲ. ಗೊಬ್ಬರ ಕಡಿಮೆಯಾಯಿತಾ ಅಮ್ಮಾ?" (ಓದುಗರು, ಹಾಸನ)

ಗೊಬ್ಬರ ಹಾಕಬೇಡಿ ತಾಯಿ. ಹಾಕಿದರೆ ಎಲೆ ಇನ್ನೂ ಜಾಸ್ತಿಯಾಗುತ್ತದೆ, ಅಷ್ಟೆ. ಬಳ್ಳಿಯನ್ನೂ ಕೀಳಬೇಡಿ. ಅದಕ್ಕೆ ಏನೂ ಆಗಿಲ್ಲ.

ನಾಟಿ ಅವರೆ ಹಗಲಿನ ಉದ್ದ ನೋಡಿ ಹೂ ಬಿಡುವ ಗಿಡ. ನಮ್ಮ ಕಡೆ ಜೂನ್ ತಿಂಗಳಲ್ಲಿ ಹಗಲು ಸುಮಾರು 12 ಗಂಟೆ 50 ನಿಮಿಷ ಇರುತ್ತದೆ. ಡಿಸೆಂಬರಿನಲ್ಲಿ ಸುಮಾರು 11 ಗಂಟೆ 20 ನಿಮಿಷ. ನಮಗೆ ಈ ಒಂದೂವರೆ ಗಂಟೆ ಗೊತ್ತೇ ಆಗುವುದಿಲ್ಲ. ಅವರೆಗೆ ಗೊತ್ತಾಗುತ್ತದೆ. ಹಗಲು ಚಿಕ್ಕದಾಗುತ್ತಾ ಹೋದಾಗಲೇ ಅದು ಮೊಗ್ಗು ಕಟ್ಟುವುದು. ನೀವು ಶಿವರಾತ್ರಿಯ ಹೊತ್ತಿಗೆ ಹಾಕಿದಿರಿ. ಬಳ್ಳಿ ದೊಡ್ಡದಾಗುವಷ್ಟರಲ್ಲಿ ಹಗಲು ಉದ್ದವಾಗುತ್ತಿತ್ತು. ಅದಕ್ಕೇ ಬರೀ ಎಲೆ.

ಈಗ ತುದಿಗಳನ್ನು ಸ್ವಲ್ಪ ಚಿವುಟಿ, ಚಪ್ಪರ ಗಟ್ಟಿ ಮಾಡಿ ಬಿಡಿ. ದೀಪಾವಳಿಯ ಹೊತ್ತಿಗೆ ಹೂ ಕಾಣಬಹುದು. ಮುಂದಿನ ವರ್ಷದಿಂದ ಆಷಾಢ, ಶ್ರಾವಣದಲ್ಲಿ ಬೀಜ ಹಾಕಿ. ನಮ್ಮ ಹಿರಿಯರು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕುತ್ತಿದ್ದುದೂ ಮುಂಗಾರಿನಲ್ಲೇ. ನಮ್ಮ ತವರು ಮಾಗಡಿ ಕಡೆ. ರಾಗಿಯ ನಡುವೆ ಇಷ್ಟಿಷ್ಟು ದೂರಕ್ಕೆ ಒಂದು ಸಾಲು ಅವರೆ, ತೊಗರಿ, ಹುಚ್ಚೆಳ್ಳು. ರಾಗಿ ಕೊಯ್ದ ಮೇಲೆ ಹೊಲದಲ್ಲಿ ಅವರೆ ಒಂದೇ ನಿಂತಿರುತ್ತಿತ್ತು. ಬೆಳಿಗ್ಗೆ ಮಂಜಿನಲ್ಲಿ ಕಾಯಿ ಬಿಡಿಸಿದರೆ ಕೈಯೆಲ್ಲ ಅಂಟಂಟು. ಆ ಸೊಗಡು ಸಂಜೆ ಊಟಕ್ಕೆ ಕೂತಾಗಲೂ ಬೆರಳಲ್ಲೇ ಇರುತ್ತಿತ್ತು.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ ಹೆಬ್ಬಾಳ ಅವರೆ 3 ಮತ್ತು 4 ಎಂಬ ತಳಿಗಳು ಹಗಲಿನ ಲೆಕ್ಕ ಇಡುವುದಿಲ್ಲ. ಗಿಡ ಗಿಡ್ಡ, ಯಾವ ಕಾಲಕ್ಕೆ ಹಾಕಿದರೂ ಕಾಯಿ. ಬೇಸಿಗೆಯಲ್ಲೂ ಅವರೆಕಾಯಿ ಬೇಕು ಅನ್ನುವವರಿಗೆ ಒಳ್ಳೆಯದು. ನಾನೂ ಎರಡು ಸಲ ಬೆಳೆದಿದ್ದೇನೆ. ಆದರೆ ಹಿತಕಿದ ಬೇಳೆ ಸಾರಿಗೆ ನನಗೆ ಚಳಿಗಾಲದ ನಾಟಿ ಅವರೆಯೇ ಆಗಬೇಕು.

"ಟೆರೇಸಿನ ಮೇಲೆ ಹಸಿರು ಚಪ್ಪರದವರೆ, ನೇರಳೆ ಚಪ್ಪರದವರೆ, ಅಲಸಂದೆ ಮೂರನ್ನೂ ಒಂದೇ ಕಡೆ ಬೆಳೆದು ಬೀಜ ಇಟ್ಟೆ. ಹಸಿರು ಕಾಯಿಯಿಂದ ತೆಗೆದ ಬೀಜ ಹಾಕಿದರೆ ಈ ವರ್ಷ ಒಂದು ಬಳ್ಳಿಯಲ್ಲಿ ನೇರಳೆ ಅಂಚಿನ ಕಾಯಿ ಬಂದಿದೆ. ಬೀಜ ಕೆಟ್ಟಿತೇ?" (ಓದುಗರು, ಬೆಂಗಳೂರು)

ಕೆಟ್ಟಿಲ್ಲ, ಬೆರೆತಿದೆ. ಅಲಸಂದೆಯ ಪಾತ್ರ ಇದರಲ್ಲಿ ಇಲ್ಲ. ಅವರೆಗೂ ಅಲಸಂದೆಗೂ ಬೆರಕೆ ಆಗುವುದಿಲ್ಲ, ಎರಡೂ ಬೇರೆ ಬೇರೆ ಜಾತಿ. ಪಕ್ಕಪಕ್ಕ ಬೆಳೆಯಿರಿ. ಆದರೆ ಹಸಿರು ಚಪ್ಪರದವರೆ, ನೇರಳೆ ಚಪ್ಪರದವರೆ ಒಂದೇ ಜಾತಿಯ ಅಕ್ಕತಂಗಿಯರು.

ಅವರೆ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಂದೇ ದಳದೊಳಗೆ ಮುಚ್ಚಿಕೊಂಡಿರುತ್ತವೆ. ಹೆಚ್ಚಿನ ಹೂಗಳು ತಮ್ಮ ಪರಾಗದಿಂದಲೇ ಕಾಯಿ ಕಟ್ಟುತ್ತವೆ. ಆದರೆ ದೊಡ್ಡ ಕಪ್ಪು ದುಂಬಿ ನೋಡಿದ್ದೀರಲ್ಲ, ಮರ ಕೊರೆಯುವುದು, ಅದು ಬಂದು ಕೂತರೆ ಹೂವಿನ ಬಾಯಿ ತೆರೆದುಕೊಳ್ಳುತ್ತದೆ. ಅದು ಅಲ್ಲಿಂದ ಇಲ್ಲಿಗೆ ಹಾರಿದರೆ ಅಷ್ಟಿಷ್ಟು ಬೆರೆಯುತ್ತದೆ. ಬೀನ್ಸ್ ಮತ್ತು ಅಲಸಂದೆಯಲ್ಲಿ ಇದು ಕಡಿಮೆ. ತೊಗರಿಯಲ್ಲಿ ಜಾಸ್ತಿ.

ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಈ ವರ್ಷ ಬೆರೆತದ್ದು ಈ ವರ್ಷ ಕಣ್ಣಿಗೆ ಕಾಣುವುದಿಲ್ಲ. ಕಾಯಿಯ ಸಿಪ್ಪೆ, ಕಾಳಿನ ಮೇಲಿನ ಸಿಪ್ಪೆ ಎರಡೂ ತಾಯಿ ಬಳ್ಳಿಯವೇ. ಹಾಗಾಗಿ ಹೋದ ವರ್ಷ ನಿಮ್ಮ ಹಸಿರು ಬಳ್ಳಿಯಲ್ಲಿ ಎಲ್ಲ ಕಾಳೂ ಒಂದೇ ಥರ ಕಂಡವು. ಆ ಕಾಳನ್ನು ಬಿತ್ತಿದ ಮೇಲೆ, ಹೊಸ ಬಳ್ಳಿಯಲ್ಲಿ ಬಣ್ಣ ಹೊರಗೆ ಬಂತು. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಹೋದ ವರ್ಷದ ಬೀಜ ಪೂರ್ತಿ ಖಾಲಿ ಮಾಡಬೇಡಿ. ಒಂದು ಹಿಡಿ ಇಟ್ಟುಕೊಂಡಿರಿ. ಬೆರೆತರೆ ಹಿಂದಕ್ಕೆ ಹೋಗಲು ದಾರಿ ಇರುತ್ತದೆ.

ಟೆರೇಸಿನಲ್ಲಿ ದೂರ ದೂರ ಹಾಕಲು ಜಾಗ ಎಲ್ಲಿದೆ? ಹೂ ಅರಳುವ ಮೊದಲೇ ಎರಡು ಮೂರು ಗೊಂಚಲಿಗೆ ತೆಳು ಬಟ್ಟೆಯ ಚೀಲ ಕಟ್ಟಿ. ಹಳೆಯ ಸೊಳ್ಳೆಪರದೆಯ ತುಂಡು ಸಾಕು. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ, ಆ ಗೊಂಚಲಿಗೆ ಕೆಂಪು ದಾರ ಕಟ್ಟಿ. ದಾರ ಇದ್ದ ಕಾಯಿ ಬೀಜಕ್ಕೆ, ಉಳಿದದ್ದು ಅಡುಗೆಗೆ.

ದಾರದ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ನಮ್ಮಲ್ಲಿ ತುಂಬ ಮನೆಗಳಲ್ಲಿ ಎಳೆ ಕಾಯೆಲ್ಲ ಪಲ್ಯ ಮಾಡಿ, ಕೊನೆಗೆ ಬಳ್ಳಿ ಸೊರಗಿದಾಗ ಉಳಿದ ನಾಲ್ಕು ಕಾಯಿ ಬೀಜಕ್ಕೆ ಬಿಡುತ್ತಾರೆ. ಇದು ತಪ್ಪು. ಯಾವ ಬಳ್ಳಿ ಚೆನ್ನಾಗಿ ಬೆಳೆದು, ರೋಗ ಬಾರದೆ, ಗೊಂಚಲು ತುಂಬ ಕಾಯಿ ಬಿಟ್ಟಿತೋ ಅದರಲ್ಲೇ, ಬಳ್ಳಿ ಗಟ್ಟಿಯಾಗಿರುವಾಗಲೇ ಬೀಜಕ್ಕೆ ಗುರುತು ಮಾಡಬೇಕು. ಆ ಕಾಯಿಯನ್ನು ಯಾರು ಕೇಳಿದರೂ ಕೊಡಬಾರದು. ಸಾಧ್ಯವಾದರೆ ಐದಾರು ಬಳ್ಳಿಯಿಂದ ಸೇರಿಸಿ ಬೀಜ ತೆಗೆಯಿರಿ.

"ಎಷ್ಟು ಜೋಪಾನ ಮಾಡಿದರೂ ಸಂಕ್ರಾಂತಿಗೆ ಇಟ್ಟ ಬೀಜಕ್ಕೆ ಯುಗಾದಿ ಹೊತ್ತಿಗೆ ಹುಳ. ಡಬ್ಬಿ ಬಿಗಿಯಾಗಿಯೇ ಇತ್ತು. ಹುಳ ಒಳಗೆ ಹೋಗುವುದು ಹೇಗೆ?" (ಓದುಗರು, ಮಂಡ್ಯ)

ಹುಳ ಡಬ್ಬಿಯೊಳಗೆ ಹೋಗಲಿಲ್ಲ. ಹೊಲದಿಂದಲೇ ಬಂತು. ಕಾಯಿ ಬಳ್ಳಿಯಲ್ಲಿ ಬಲಿಯುವಾಗಲೇ ಆ ಪುಟ್ಟ ಕಂದು ಹುಳ ಮೊಟ್ಟೆ ಇಟ್ಟಿರುತ್ತದೆ. ಕಾಳಿನ ಮೇಲೆ ಸುಣ್ಣದ ಚುಕ್ಕಿಯಂತೆ ಅಂಟಿಕೊಂಡಿದ್ದರೆ ಅದು ಮೊಟ್ಟೆ. ಮರಿ ನೇರವಾಗಿ ಕಾಳಿನೊಳಗೆ ಕೊರೆದು ಹೋಗುತ್ತದೆ. ಹೊರಗಿನಿಂದ ನೋಡಿದರೆ ಕಾಳು ಚೆನ್ನಾಗಿಯೇ ಕಾಣುತ್ತದೆ. ಸುಮಾರು ಒಂದು ತಿಂಗಳಿಗೆ ದುಂಡನೆಯ ತೂತು ಮಾಡಿಕೊಂಡು ಹೊರಗೆ ಬರುತ್ತದೆ, ಮತ್ತೆ ಮೊಟ್ಟೆ ಇಡುತ್ತದೆ. ಬಿಗಿ ಡಬ್ಬಿಯೊಳಗೆ ಅದೇ ಸಂಸಾರ ಬೆಳೆಯುತ್ತಾ ಹೋಗುತ್ತದೆ.

ಇದನ್ನು ನಾನು ಓದಿ ಕಲಿತದ್ದಲ್ಲ. ಅಮ್ಮನ ಚಪ್ಪರದವರೆ ಒಂದಿತ್ತು. ಕಾಯಿ ಅಗಲ, ಹಸಿರು, ಅಂಚಿಗೆ ಮಾತ್ರ ಕುಂಕುಮದ ಗೆರೆ ಎಳೆದ ಹಾಗೆ. ಮದುವೆಯಾಗಿ ಮೈಸೂರಿಗೆ ಬರುವಾಗ ಅಮ್ಮ ಸೀರೆಯ ಗಂಟಿನಲ್ಲಿ ಕಟ್ಟಿ ಕೊಟ್ಟದ್ದು. ಇಪ್ಪತ್ತು ವರ್ಷ ಬೆಳೆದೆ. ಒಂದು ವರ್ಷ ಮಗಳ ಬಾಣಂತನಕ್ಕೆ ಐದು ತಿಂಗಳು ಹೋಗಿದ್ದೆ. ಬಂದು ಗಾಜಿನ ಬಾಟಲಿ ತೆಗೆದರೆ ತಳದಲ್ಲಿ ಬಿಳಿ ಹುಡಿ, ಮೇಲೆ ತೂತು ಬಿದ್ದ ಸಿಪ್ಪೆ. ಒಂದೊಂದೇ ಕಾಳು ಬೆಳಕಿಗೆ ಹಿಡಿದು ನೋಡಿದೆ. ನೆನೆಹಾಕಿದೆ. ಒಂದೂ ಮೊಳೆಯಲಿಲ್ಲ. ಅಮ್ಮ ಅಷ್ಟರಲ್ಲಿ ತೀರಿಕೊಂಡಿದ್ದರು. ತವರಿನ ಹೊಲ ಮನೆ ಸೈಟಾಗಿತ್ತು. ಅವತ್ತು ನಾನು ಅತ್ತಿದ್ದೇನೆ.

ಆಮೇಲೆ ನೆನಪಾಯಿತು. ಹಿಂದೆ ನಮ್ಮ ಪಕ್ಕದ ಮನೆಯಲ್ಲಿದ್ದವರಿಗೆ ಗೌರಿ ಹಬ್ಬದ ಮೊರದ ಬಾಗಿನದಲ್ಲಿ ಬೇಳೆಕಾಳಿನ ಜೊತೆ ಒಂದು ಹಿಡಿ ಇದೇ ಬೀಜ ಇಟ್ಟು ಕೊಟ್ಟಿದ್ದೆ. ಅವರು ನಂಜನಗೂಡಿಗೆ ಹೋಗಿ ಆರು ವರ್ಷವಾಗಿತ್ತು. ಬಸ್ ಹತ್ತಿ ಹೋದೆ. ಅವರ ಸೊಸೆ ಹಿತ್ತಲಿಗೆ ಕರೆದುಕೊಂಡು ಹೋದಳು. ಬಚ್ಚಲ ನೀರು ಹೋಗುವ ಕಡೆ ಚಪ್ಪರ. ಅದರ ಮೇಲೆ ಕುಂಕುಮದ ಗೆರೆಯ ಕಾಯಿ! "ಇದು ನಿಮ್ಮದೇ ಅಲ್ವಾ ಅತ್ತೆ" ಅಂದಳು. ಹನ್ನೊಂದು ಕಾಳು ತಂದೆ. ಈಗ ನನ್ನ ಹಿತ್ತಲಲ್ಲಿ ಇರುವುದು ಅದರ ಸಂತಾನ.

ಈಗ ಹುಳಕ್ಕೆ ಏನು ಮಾಡಬೇಕು ಹೇಳುತ್ತೇನೆ. ಕಾಯಿ ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಗಲಗಲ ಅನ್ನಬೇಕು. ಮಳೆ ಬರುವಂತಿದ್ದರೆ ಬಳ್ಳಿ ಸಮೇತ ಕಿತ್ತು ಸೂರಿನ ಕೆಳಗೆ ತಲೆಕೆಳಗಾಗಿ ತೂಗುಹಾಕಿ. ಬಿಡಿಸಿದ ಕಾಳನ್ನು ಮೊರದಲ್ಲಿ ಹರಡಿ ನೆರಳಲ್ಲಿ ಒಂದೆರಡು ವಾರ ಒಣಗಿಸಿ. ಬಿರುಬಿಸಿಲಿನ ಸಿಮೆಂಟ್ ಮಹಡಿ ಮೇಲೆ ಬೇಡ. ಒಂದು ಕಾಳನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಹೊಡೆಯಿರಿ. ಚೂರು ಚೂರಾಗಿ ಒಡೆದರೆ ಒಣಗಿದೆ. ಜಜ್ಜಿದ ಹಾಗಾದರೆ ಇನ್ನೂ ಹಸಿ ಇದೆ.

ಹೀಗೆ ಒಣಗಿದ ಬೀಜವನ್ನು ಬಿಗಿ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿ ಒಂದು ವಾರ ಇಡಿ. ಒಳಗಿರುವ ಮೊಟ್ಟೆ, ಮರಿ ಎಲ್ಲ ಸಾಯುತ್ತವೆ. ಹಸಿ ಬೀಜ ಇಟ್ಟರೆ ಮಾತ್ರ ಬೀಜವೇ ಸಾಯುತ್ತದೆ, ಎಚ್ಚರ. ಹೊರಗೆ ತೆಗೆದ ತಕ್ಷಣ ಮುಚ್ಚಳ ತೆಗೆಯಬೇಡಿ. ಒಂದು ದಿನ ಹಾಗೇ ಇರಲಿ. ಇಲ್ಲದಿದ್ದರೆ ತಣ್ಣನೆಯ ಕಾಳಿನ ಮೇಲೆ ನೀರಿನ ಹನಿ ಕೂರುತ್ತದೆ.

ಫ್ರೀಜರ್ ಇಲ್ಲದವರಿಗೆ ಹಳೆಯ ದಾರಿಗಳಿವೆ. ಒಂದು ಕೆ.ಜಿ. ಕಾಳಿಗೆ ಒಂದು ಚಿಕ್ಕ ಚಮಚ ಹರಳೆಣ್ಣೆ ಹಾಕಿ ಎಲ್ಲ ಕಾಳಿಗೂ ಹತ್ತುವಂತೆ ಉಜ್ಜಿ. ಎಣ್ಣೆ ಮುಚ್ಚಿದ ಮೊಟ್ಟೆಗೆ ಉಸಿರಾಡಲು ಆಗುವುದಿಲ್ಲ. ಜರಡಿ ಹಿಡಿದ ಒಣ ಬೂದಿಯಲ್ಲಿ ಕಾಳು ಮುಳುಗುವಂತೆ ತುಂಬಿಡುವುದೂ ಒಳ್ಳೆಯದು. ಬೂದಿಯಲ್ಲಿ ಹುಳಕ್ಕೆ ಓಡಾಡಲು ಆಗುವುದಿಲ್ಲ. ಅಮ್ಮ ಹೀಗೆ ಬೂದಿ ಬೆರೆಸಿ ಒಣಗಿದ ಸೋರೆ ಬುರುಡೆಯಲ್ಲಿ ತುಂಬಿ, ಬಾಯಿಗೆ ಸಗಣಿ ಮೆತ್ತಿ, ಒಲೆಯ ಮೇಲಿನ ಅಟ್ಟಕ್ಕೆ ಕಟ್ಟುತ್ತಿದ್ದರು. ಹೊಗೆ ಅಲ್ಲಿಗೆ ದಿನಾ ಹೋಗುತ್ತಿತ್ತು. ನಾನು ಸುಮ್ನೆ ಗಾಜಿನ ಬಾಟಲಿ ಚೆಂದ ಅಂತ ಅದರಲ್ಲಿಟ್ಟೆ, ಬೂದಿ ಹಾಕಲಿಲ್ಲ.

"ಕರಾವಳಿಯಲ್ಲಿ ಮಳೆಗಾಲ ಅಂದರೆ ಎಲ್ಲಕ್ಕೂ ಬೂಸಲು. ಅಲಸಂದೆ ಬೀಜ ಒಂದು ವರ್ಷಕ್ಕೆ ಮೊಳಕೆ ಬರುವುದು ನಿಲ್ಲಿಸುತ್ತದೆ." (ಓದುಗರು, ಉಡುಪಿ)

ನಿಮ್ಮಲ್ಲಿ ಗಾಳಿಯೇ ಒದ್ದೆ. ಬೀಜದೊಳಗಿನ ತೇವ ನೂರಕ್ಕೆ ಒಂದು ಪಾಲು ಇಳಿದರೆ ಅದರ ಆಯಸ್ಸು ಹೆಚ್ಚೂಕಡಿಮೆ ಎರಡು ಪಟ್ಟಾಗುತ್ತದೆ ಎಂದು ಬೀಜ ಕಾಪಾಡುವವರ ಲೆಕ್ಕ ಇದೆ. ಹಾಗಾಗಿ ಮಳೆ ಶುರುವಾಗುವ ಮೊದಲೇ ಕೆಲಸ ಮುಗಿಸಿ. ಒಂದು ಲೋಟ ಅಕ್ಕಿಯನ್ನು ಬಾಣಲೆಯಲ್ಲಿ ಚೆನ್ನಾಗಿ ಹುರಿಯಿರಿ. ಮುಚ್ಚಿದ ಪಾತ್ರೆಯಲ್ಲಿ ಪೂರ್ತಿ ತಣ್ಣಗಾಗಲಿ. ಬಾಟಲಿಯ ತಳಕ್ಕೆ ಆ ಅಕ್ಕಿ ಹಾಕಿ, ಮೇಲೊಂದು ಬಟ್ಟೆ, ಅದರ ಮೇಲೆ ಬೀಜದ ಪೊಟ್ಟಣ. ಮುಚ್ಚಳ ಬಿಗಿ. ಅಕ್ಕಿ ತೇವ ಎಳೆದುಕೊಳ್ಳುತ್ತದೆ. ಎರಡು ವಾರಕ್ಕೊಮ್ಮೆ ಹೊಸದಾಗಿ ಹುರಿದು ಹಾಕಿ. ಆಮೇಲೆ ಬಾಟಲಿ ಫ್ರಿಜ್ಜಿನ ಕೆಳಗಿನ ತಟ್ಟೆಗೆ ಹೋಗಲಿ. ಹೀಗಿಟ್ಟ ಅಲಸಂದೆ ಮೂರು ನಾಲ್ಕು ವರ್ಷ ಬದುಕುತ್ತದೆ. ಬಿತ್ತುವ ಮೊದಲು ಹತ್ತು ಕಾಳು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ವಾರದೊಳಗೆ ಎಂಟು ಮೊಳೆತರೆ ನಿಶ್ಚಿಂತೆಯಿಂದ ಬಿತ್ತಿ. ಐದೇ ಮೊಳೆತರೆ ಒಂದು ಗುಣಿಗೆ ಎರಡರಷ್ಟು ಹಾಕಿ, ಆ ವರ್ಷವೇ ಹೊಸ ಬೀಜ ಮಾಡಿಕೊಳ್ಳಿ.

"ಅಂಗಡಿಯಲ್ಲಿ ತಂದ ಬೀನ್ಸ್ ಬೀಜ ಗುಲಾಬಿ ಬಣ್ಣ ಇತ್ತು. ಮಿಕ್ಕಿದ್ದನ್ನು ಸಾಂಬಾರಿಗೆ ಹಾಕಬಹುದಾ?" (ಓದುಗರು, ದಾವಣಗೆರೆ)

ಖಂಡಿತ ಬೇಡ. ಆ ಬಣ್ಣ ಔಷಧಿ ಬಳಿದಿದ್ದಾರೆ ಎಂಬ ಗುರುತು. ಮಕ್ಕಳ ಕೈಗೆ, ಕೋಳಿಗಳಿಗೆ ಸಿಗದಂತೆ ಇಡಿ. ಬಿತ್ತಿದ ಮೇಲೆ ಕೈ ತೊಳೆದುಕೊಳ್ಳಿ.

"ನಾವು ಎಂಟು ಜನ ಹೆಂಗಸರು ಬೀಜ ಅದಲು ಬದಲು ಮಾಡಿಕೊಳ್ಳುತ್ತೇವೆ. ಇದಕ್ಕೆ ಲೈಸೆನ್ಸ್ ಬೇಕು ಎಂದು ಯಾರೋ ಹೆದರಿಸಿದರು." (ಓದುಗರು, ತುಮಕೂರು)

ಹೆದರಬೇಡಿ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರಲ್ಲಿ ಬಂತು. ಅದರ 39ನೇ ಕಲಮು ರೈತರಿಗೆ ಬೀಜ ಉಳಿಸುವ, ಬಿತ್ತುವ, ಮತ್ತೆ ಬಿತ್ತುವ, ಬದಲಾಯಿಸಿಕೊಳ್ಳುವ, ಹಂಚುವ, ಮಾರುವ ಹಕ್ಕನ್ನೂ ಕೊಟ್ಟಿದೆ. ನೋಂದಣಿಯಾದ ತಳಿಯ ಬೀಜವನ್ನು ಬ್ರ್ಯಾಂಡ್ ಹಾಕಿ ಮಾರುವ ಹಾಗಿಲ್ಲ ಅಷ್ಟೆ. ರೈತರು ಯಾರು ಅಂತಲೂ ಅದರಲ್ಲೇ ಇದೆ. ತಾವೇ ಬೆಳೆ ಬೆಳೆಯುವವರು, ನಾಟಿ ತಳಿ ಕಾಪಾಡುವವರು ಎಲ್ಲರೂ ಅದರಲ್ಲಿ ಸೇರುತ್ತಾರೆ.

ನಿಮ್ಮ ಎಂಟು ಜನಕ್ಕೆ ನನ್ನ ಒಂದು ಸಲಹೆ. ಎಲ್ಲರೂ ಎಲ್ಲವನ್ನೂ ಬೆಳೆಯಬೇಡಿ. ಒಬ್ಬರು ಒಂದು ಅವರೆ, ಒಂದು ಅಲಸಂದೆ, ಒಂದು ಬೀನ್ಸ್ ಮಾತ್ರ ವಹಿಸಿಕೊಳ್ಳಿ. ಬೆರಕೆಯ ತಲೆನೋವು ತಪ್ಪುತ್ತದೆ. ಆದರೆ ಪ್ರತಿ ಬೀಜವೂ ಕಡೇಪಕ್ಷ ಮೂರು ಮನೆಯಲ್ಲಿ ಇರಲಿ. ಪೊಟ್ಟಣದ ಮೇಲೆ ಬೀಜದ ಹೆಸರು, ಯಾವ ಊರಿನದು, ಯಾರು ಕೊಟ್ಟರು, ಯಾವ ವರ್ಷ ತೆಗೆದದ್ದು ಬರೆಯಿರಿ. ಪೆನ್ನಿನ ಬರಹ ಒದ್ದೆಯಾದರೆ ಅಳಿಸುತ್ತದೆ, ಪೆನ್ಸಿಲಿನಲ್ಲಿ ಬರೆಯಿರಿ. ವೈರಸ್ ಬಂದು ಎಲೆ ಮುದುಡಿದ ಬೀನ್ಸ್ ಗಿಡದ ಬೀಜವನ್ನು ಮಾತ್ರ ಯಾರಿಗೂ ಕೊಡಬೇಡಿ. ಆ ರೋಗ ಬೀಜದ ಜೊತೆ ಹೋಗುತ್ತದೆ.

"ಮಗ ಸೊಸೆ ನ್ಯೂಜೆರ್ಸಿಯಲ್ಲಿದ್ದಾರೆ. ಸೊಸೆಗೆ ಮಾಗಡಿ ಅವರೆ ಅಂದರೆ ಪ್ರಾಣ. ಹೋಗುವಾಗ ಬೀಜ ತೆಗೆದುಕೊಂಡು ಹೋಗಲೇ?" (ಓದುಗರು, ರಾಮನಗರ)

ಬ್ಯಾಗಿನ ಮೂಲೆಯಲ್ಲಿ ಬಚ್ಚಿಟ್ಟು ಒಯ್ಯಬೇಡಿ. ಸಸ್ಯ ಆರೋಗ್ಯದ ಪ್ರಮಾಣಪತ್ರವೋ, ಅಲ್ಲಿನ ಕೃಷಿ ಇಲಾಖೆಯ ಪರವಾನಗಿಯೋ ಇಲ್ಲದೆ ಬೀಜ ಒಯ್ಯುವುದು ತಪ್ಪು. ನಮ್ಮ ಹುಳವನ್ನು ಇನ್ನೊಂದು ದೇಶಕ್ಕೆ ದಾಟಿಸುವುದು ನಮಗೂ ಚೆಂದವಲ್ಲ, ಅಲ್ವಾ?

ಇನ್ನೊಂದು ತೊಂದರೆ ಇದೆ. ಅಲ್ಲಿ ಜೂನಿನ ಹಗಲು ಹದಿನೈದು ಗಂಟೆ. ನಾಟಿ ಅವರೆ ಹೂ ಬಿಡಲು ಸೆಪ್ಟೆಂಬರ್ ದಾಟಬೇಕು. ಕಾಯಿ ಬಲಿಯುವ ಮೊದಲೇ ಹಿಮ ಬಿದ್ದು ಬಳ್ಳಿ ಕರಗುತ್ತದೆ. ಹಗಲಿನ ಲೆಕ್ಕ ಇಡದ ಹೆಬ್ಬಾಳ ಅವರೆಯಂಥ ತಳಿ ಅಲ್ಲಿಗೆ ಸರಿ. ಅಲ್ಲಿನ ನರ್ಸರಿಗಳಲ್ಲಿ ನೇರಳೆ ಅವರೆ ಬರೀ ಅಲಂಕಾರದ ಬಳ್ಳಿಯಾಗಿ ಸಿಗುತ್ತದೆ. ಅದರ ಒಣ ಕಾಳನ್ನು ಸೊಸೆ ಹಸಿಯಾಗಿ ತಿನ್ನದಿರಲಿ. ಒಣ ಅವರೆ ಯಾವುದೇ ಇರಲಿ, ನೆನೆಸಿ, ನೀರು ಚೆಲ್ಲಿ, ಚೆನ್ನಾಗಿ ಬೇಯಿಸಿಯೇ ತಿನ್ನಬೇಕು.

"ನನಗೆ 78 ವರ್ಷ. ಹೆಂಡತಿ ಐವತ್ತು ವರ್ಷ ಕಾಪಾಡಿದ ಒಂದು ಅವರೆ ಬೀಜ ಇದೆ. ಅವಳು ಹೋದ ಮೇಲೆ ಎರಡು ಸಲ ನಾನೇ ಬೆಳೆದೆ. ಈಗ ಚಪ್ಪರ ಹಾಕಲು ಕೈಲಾಗುವುದಿಲ್ಲ. ಮಕ್ಕಳು ಊರಲ್ಲಿಲ್ಲ. ಇದನ್ನು ಯಾರಿಗೆ ಕೊಡಲಿ ತಾಯಿ?" (ಓದುಗರು, ಕೋಲಾರ ಜಿಲ್ಲೆ)

ಅಣ್ಣಾ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ.

ಎಲ್ಲವನ್ನೂ ಒಬ್ಬರಿಗೇ ಕೊಡಬೇಡಿ. ನಿಮ್ಮ ಬೀದಿಯಲ್ಲಿ ಹಿತ್ತಲು, ನೀರು ಇರುವ ಒಂದು ಮನೆ ಇರಬೇಕಲ್ಲ. ಮೊದಲ ಹಿಡಿ ಅಲ್ಲಿಗೆ. ಚಪ್ಪರ ಅವರೇ ಹಾಕುತ್ತಾರೆ, ನೀವು ಜಗಲಿಯಲ್ಲಿ ಕೂತು ಹೇಳಿಕೊಡಿ. ಎರಡನೆಯ ಹಿಡಿ ಬೇರೆ ಊರಿನ ನೆಂಟರಿಗೆ. ಒಂದೂರಿಗೆ ಮಳೆ ಕೈಕೊಟ್ಟರೆ ಇನ್ನೊಂದೂರಲ್ಲಿ ಉಳಿಯುತ್ತದೆ. ಮೂರನೆಯದು ಬೀಜ ಕಾಪಾಡುವುದನ್ನೇ ಕೆಲಸ ಮಾಡಿಕೊಂಡವರಿಗೆ. ಬೆಂಗಳೂರಿನಲ್ಲಿ ಸಹಜ ಸಮೃದ್ಧ ಇದೆ. ಶಿರಸಿಯಲ್ಲಿ ಹೆಂಗಸರೇ ಕಟ್ಟಿದ ವನಸ್ತ್ರೀ ಬಳಗ ಇದೆ. ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆಯ ಬೀಜ ಭಂಡಾರದಲ್ಲಿ ನಾಟಿ ಬೀಜಗಳನ್ನು ಕೊರೆಯುವ ಚಳಿಯಲ್ಲಿ ಬಹಳ ಕಾಲ ಕಾಪಾಡುತ್ತಾರೆ. ಅಲ್ಲಿಗೂ ಒಂದು ಪಾಲು ಹೋದರೆ ನಿಮ್ಮ ಮನಸ್ಸಿಗೆ ಸಮಾಧಾನ. ಆದರೆ ಭಂಡಾರದಲ್ಲಿರುವ ಬೀಜ ಮಲಗಿರುತ್ತದೆ. ಅದಕ್ಕೇ ಹಿತ್ತಲಿನವರಿಗೆ ಮೊದಲು ಕೊಡಿ ಅಂದೆ.

ಬೀಜ ಕೊಡುವಾಗ ನಿಮ್ಮ ಮನೆಯವರು ಅದನ್ನು ಏನೆಂದು ಕರೆಯುತ್ತಿದ್ದರೋ ಆ ಹೆಸರನ್ನೇ ಬರೆದು ಕೊಡಿ. ಯಾವ ತಿಂಗಳಲ್ಲಿ ಹಾಕುತ್ತಿದ್ದರು, ಎಳೆಯದರಲ್ಲಿ ಪಲ್ಯ ಮಾಡುತ್ತಿದ್ದರೋ ಕಾಳಿನ ಸಾರು ಮಾಡುತ್ತಿದ್ದರೋ, ಅದನ್ನೂ ಎರಡು ಸಾಲು ಬರೆಯಿರಿ. ಕೈ ನಡುಗಿದರೆ ಪಕ್ಕದ ಮನೆಯ ಮಗುವಿನ ಕೈಲಿ ಬರೆಸಿ.

ನನ್ನ ಹಿತ್ತಲಲ್ಲಿ ಅಮ್ಮನ ಅವರೆಯ ಚಪ್ಪರ ಮೂಡಣ ಗೋಡೆಯ ಕಡೆ ಇದೆ. ಪಡುವಣ ಕಡೆ ನುಗ್ಗೆ ಮರದ ಹತ್ತಿರ ಒಂದು ಗುಣಿ ಖಾಲಿ ಇದೆ. ಕೊಟ್ಟಿಗೆ ಗೊಬ್ಬರ ಹಾಕಿ ಬಿಟ್ಟಿದ್ದೇನೆ. ಎರಡರ ನಡುವೆ ಮನೆ ಇದೆ. ಹೂ ಬಂದಾಗ ಬಟ್ಟೆ ಚೀಲವನ್ನೂ ಕಟ್ಟುತ್ತೇನೆ, ಬೆರೆಯಲು ಬಿಡುವುದಿಲ್ಲ. ಹತ್ತು ಕಾಳು ಸಾಕು. ಪತ್ರಿಕೆಯ ವಿಳಾಸಕ್ಕೆ ಕಳಿಸಿ, ನನಗೆ ತಲುಪಿಸುತ್ತಾರೆ. ಶ್ರಾವಣ ಹುಟ್ಟುವ ಮೊದಲು ಬರಲಿ. ರಟ್ಟಿನ ನಡುವೆ ಇಡುವುದನ್ನು ಮರೆಯಬೇಡಿ.